ರಾ ಫೈಲ್‌ನಲ್ಲಿ ಐಎಸ್‌ಒ ಹೆಚ್ಚಿಸಿದರೆ ನಾಯ್ಸ್ ಕಡಿಮೆಯಾಗುವುದು ಹೇಗೆ?

ಪ್ರಶ್ನೆ:
ವೈಟ್ ಬ್ಯಾಲೆನ್ಸ್‌ನಂತೆ (ಬಣ್ಣಗಳ ಸಮತೋಲನದ ಸೆಟ್ಟಿಂಗ್) ಐಎಸ್‌ಒ (ಚಿತ್ರವನ್ನು ಎಷ್ಟು ಪ್ರಕಾಶಮಾನವಾಗಿಸಬೇಕು ಎಂಬ ಸೆಟ್ಟಿಂಗ್) ಕೂಡ ರಾ ಫೈಲ್‌ನಲ್ಲಿ (ಕ್ಯಾಮೆರಾದ ಸಂಸ್ಕರಿಸದ ಮೂಲ ದತ್ತಾಂಶ) ಬರೀ ಒಂದು ಟಿಪ್ಪಣಿ, ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಪಡಿಸಿಕೊಳ್ಳಬಹುದು ಎಂದು ನಾನು ನಂಬಿದ್ದೆ. ನಿನ್ನೆ ಮಂದ ಬೆಳಕಿನ ಕೋಣೆಯಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಷಟರ್ (ಬೆಳಕು ಬೀಳುವ ಅವಧಿ) 1/60 ಸೆಕೆಂಡ್, ಅಪರ್ಚರ್ (ಲೆನ್ಸಿನ ತೆರೆದ ಬಾಯಿ) ಎಫ್/4 ಬದಲಿಸದೆ, ಐಎಸ್‌ಒ 100ರಲ್ಲಿ ಒಂದು, 3200ರಲ್ಲಿ ಒಂದು ಚಿತ್ರ ತೆಗೆದೆ. ಮೊದಲನೆಯದನ್ನು ಸಂಸ್ಕರಣೆಯಲ್ಲಿ ಐದು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಪ್ರಕಾಶ ದುಪ್ಪಟ್ಟು) ಏರಿಸಿದಾಗ ಅದರ ನೆರಳಿನಲ್ಲಿ ಒರಟು ಚುಕ್ಕೆಗಳೂ ಗೆರೆಗಳೂ ಕಾಣಿಸಿಕೊಂಡವು. 3200ರ ಚಿತ್ರ ಎಷ್ಟೋ ಶುಚಿಯಾಗಿದೆ. ಐಎಸ್‌ಒ ಹೆಚ್ಚಿದಷ್ಟೂ ನಾಯ್ಸ್ (ಚಿತ್ರದಲ್ಲಿ ಕಾಣುವ ಇಂಥ ಬೇಡದ ಚುಕ್ಕೆ, ಗೆರೆಗಳು) ಹೆಚ್ಚು ಎಂದೇ ಓದಿಕೊಂಡು ಬಂದ ನನಗೆ ಇದು ತಲೆಕೆಳಗಾಗಿ ತೋರುತ್ತಿದೆ.

ಉತ್ತರ 1:
ನಿಮ್ಮ ಪ್ರಯೋಗ ಸರಿಯಾಗಿಯೇ ಇದೆ. ಕ್ಯಾಮೆರಾದ ಬೆಳಕು ಗ್ರಹಿಸುವ ಸೆನ್ಸರ್ ಮೇಲೆ ಬೀಳುವ ಬೆಳಕನ್ನು ನಿರ್ಧರಿಸುವುದು ದೃಶ್ಯದ ಬೆಳಕು, ಷಟರ್ ಮತ್ತು ಅಪರ್ಚರ್ ಮಾತ್ರ. ಐಎಸ್‌ಒಗೆ ಅದರಲ್ಲಿ ಪಾಲಿಲ್ಲ. ನಾಯ್ಸ್‌ನ ಬಹುಭಾಗ ಬೆಳಕಿನ ಸ್ವಭಾವದಿಂದಲೇ ಬರುತ್ತದೆ: ಒಂದು ಪಿಕ್ಸೆಲ್ 10,000 ಫೋಟಾನ್‌ಗಳನ್ನು ಹಿಡಿದರೆ ಏರುಪೇರು ಸುಮಾರು 100, ಅಂದರೆ ಶೇ 1, ಬರೀ 100 ಫೋಟಾನ್ ಹಿಡಿದರೆ ಏರುಪೇರು 10, ಅಂದರೆ ಶೇ 10. ಸಾಮಾನ್ಯವಾಗಿ ನಾವು ಐಎಸ್‌ಒ ಏರಿಸುವುದು ಬೆಳಕು ಕಡಿಮೆಯಿದ್ದಾಗಲೇ ಆದ್ದರಿಂದ, ಬೆಳಕಿನ ಕೊರತೆಯ ಅಪವಾದವನ್ನು ಐಎಸ್‌ಒ ಹೊರಬೇಕಾಗಿ ಬಂದಿದೆ.

ಇದಲ್ಲದೆ ಕ್ಯಾಮೆರಾದ ವಿದ್ಯುನ್ಮಂಡಲವೂ ಸ್ವಲ್ಪ ನಾಯ್ಸ್ ಸೇರಿಸುತ್ತದೆ. ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವ ಮೊದಲೇ ಅದನ್ನು ವರ್ಧಿಸಿದರೆ, ಆ ನಂತರದ ಹಂತದಲ್ಲಿ ಸೇರುವ ನಾಯ್ಸ್ ಅದರ ಮುಂದೆ ಚಿಕ್ಕದಾಗುತ್ತದೆ. 100ರಲ್ಲಿ ತೆಗೆದು ಆಮೇಲೆ ಏರಿಸಿದಾಗ ಆ ನಾಯ್ಸ್ ಕೂಡ 32 ಪಟ್ಟು ದೊಡ್ಡದಾಯಿತು. ನೀವು ಕಂಡ ಗೆರೆಗಳು ಅಲ್ಲಿಂದಲೇ ಬಂದಿರಬೇಕು.

ಉತ್ತರ 2:
ಮೇಲಿನ ವಿವರಣೆಯನ್ನು ಓದಿ ಸದಾ 3200ರಲ್ಲೇ ತೆಗೆಯಲು ಹೊರಟೀರಿ, ಜೋಕೆ. 14 ಬಿಟ್‌ನ ಫೈಲ್‌ನಲ್ಲಿ ಒಂದು ಪಿಕ್ಸೆಲ್‌ಗೆ ದಾಖಲಿಸಬಹುದಾದ ಗರಿಷ್ಠ ಅಂಕಿ 16,383. ಐಎಸ್‌ಒ ದುಪ್ಪಟ್ಟಾದಾಗಲೆಲ್ಲ ಅಂಕಿಗಳೂ ದುಪ್ಪಟ್ಟಾಗಿ, ಹೈಲೈಟ್‌ಗೆ (ಚಿತ್ರದ ಅತಿ ಪ್ರಕಾಶಮಾನ ಭಾಗಕ್ಕೆ) ಉಳಿದಿರುವ ಜಾಗ ಒಂದು ಸ್ಟಾಪ್ ಕುಗ್ಗುತ್ತದೆ. ಮಿತಿ ದಾಟಿದ ವಿವರ ಯಾವ ಸಂಸ್ಕರಣೆಗೂ ಮರಳಿ ಸಿಗದು. ಐಎಸ್‌ಒ ಬರೀ ಟಿಪ್ಪಣಿಯಲ್ಲ ಎನ್ನುವುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ನಿಮ್ಮ ಎರಡೂ ಫೈಲ್‌ಗಳಲ್ಲಿ ಕೋಣೆಯ ದೀಪವನ್ನು ಹೋಲಿಸಿ ನೋಡಿ, ಆದರೆ ಕ್ಯಾಮೆರಾದ ಹಿಸ್ಟೋಗ್ರಾಂ (ಪ್ರಕಾಶದ ಹಂಚಿಕೆ ತೋರಿಸುವ ನಕ್ಷೆ) ನಂಬಬೇಡಿ: ಅದನ್ನು ಸಾಮಾನ್ಯವಾಗಿ ರಾ ದತ್ತಾಂಶದಿಂದಲ್ಲ, ಕ್ಯಾಮೆರಾ ಸಂಸ್ಕರಿಸಿದ ಜೆಪೆಗ್ ಚಿತ್ರದಿಂದ ರಚಿಸಿರುತ್ತಾರೆ.

ಉತ್ತರ 3:
ಒಂದು ತಿದ್ದುಪಡಿ. ಪರಿವರ್ತನೆಯ ಹಂತದಲ್ಲಿ ಅತಿ ಕಡಿಮೆ ನಾಯ್ಸ್ ಸೇರಿಸುವ ಸೆನ್ಸರ್‌ಗಳಲ್ಲಿ ನೀವು ಕಂಡಷ್ಟು ವ್ಯತ್ಯಾಸ ಕಾಣುವುದೇ ಇಲ್ಲ. ಕ್ಯಾಮೆರಾದಲ್ಲಿ ಏರಿಸಿದರೂ ಆಮೇಲೆ ಏರಿಸಿದರೂ ಫಲ ಹೆಚ್ಚುಕಡಿಮೆ ಒಂದೇ. ಇನ್ನು ಕೆಲವು ಕ್ಯಾಮೆರಾಗಳಲ್ಲಿ ಒಂದು ನಿರ್ದಿಷ್ಟ ಐಎಸ್‌ಒ ದಾಟಿದೊಡನೆ ಪಿಕ್ಸೆಲ್‌ನೊಳಗಿನ ವ್ಯವಸ್ಥೆಯೇ ಬದಲಾಗಿ ನೆರಳಿನ ನಾಯ್ಸ್ ಒಮ್ಮೆಲೇ ಇಳಿಯುತ್ತದೆ. ಆದ್ದರಿಂದ 100 ಮತ್ತು 3200 ಎರಡನ್ನೇ ಹೋಲಿಸದೆ, ನಡುವಿನ 200, 400, 800, 1600ರಲ್ಲೂ ಅದೇ ದೃಶ್ಯ ತೆಗೆದು, ಎಲ್ಲವನ್ನೂ ಒಂದೇ ಪ್ರಕಾಶಕ್ಕೆ ತಂದು ನೋಡಿ.

ಪ್ರಶ್ನೆ ಕೇಳಿದವರಿಂದ:
ನೋಡಿದೆ. ದೀಪದ ಸುತ್ತಲಿನ ಬಣ್ಣ 100ರ ಫೈಲ್‌ನಲ್ಲಿ ಉಳಿದಿದೆ, 3200ರಲ್ಲಿ ಅದೊಂದು ಬಿಳಿ ಮಚ್ಚೆ. ನೆರಳಿನ ಗೆರೆಗಳು 800ರ ಹೊತ್ತಿಗೇ ಮಾಯವಾಗಿದ್ದು, ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಯಾವ ಸುಧಾರಣೆಯೂ ಕಾಣಲಿಲ್ಲ. ಹೀಗಾಗಿ ಇಂಥ ಕೋಣೆಯಲ್ಲಿ 800ಕ್ಕೇ ನಿಲ್ಲಿಸಿ, ಉಳಿದ ಎರಡು ಸ್ಟಾಪ್‌ಗಳನ್ನು ಸಂಸ್ಕರಣೆಯಲ್ಲಿ ಏರಿಸಿಕೊಳ್ಳುತ್ತೇನೆ.