ಫಿನ್ಲೆಂಡ್ ಅಡ್ಡಹೆಸ್ರು: ಫ್ಯಾಮಿಲಿ ಗ್ರೂಪಲ್ಲಿ ನಡೆದ ವಾದ

ರವಿ ಚಿಕ್ಕಪ್ಪ: (ಫಾರ್ವರ್ಡ್) ಫಿನ್ಲೆಂಡ್ ಜನ ಸಾವಿರಾರು ವರ್ಷದಿಂದ ಪ್ರಕೃತಿ ಪೂಜಕರು! ಅದಕ್ಕೇ ವಿರ್ತನೆನ್ ಅಂದ್ರೆ ಹೊಳೆ, ಯಾರ್ವಿನೆನ್ ಅಂದ್ರೆ ಸರೋವರ, ಸಾರಿನೆನ್ ಅಂದ್ರೆ ದ್ವೀಪ. ಮಕ್ಕಳಿಗೆ ತಿಳಿಸಿ 🙏

ದೀಪಾ (ಎಸ್ಪೂ, ಫಿನ್ಲೆಂಡ್): ಚಿಕ್ಕಪ್ಪ ಅರ್ಥ ಎಲ್ಲಾ ಸರಿ, ಸಾವಿರಾರು ವರ್ಷ ಅನ್ನೋದು ಮಾತ್ರ ಸುಳ್ಳು. ಇಂಥ ಎಷ್ಟೋ ಹೆಸ್ರಿಗೆ ನೂರೈವತ್ತು ವರ್ಷನೂ ಆಗಿಲ್ಲ

ರವಿ ಚಿಕ್ಕಪ್ಪ: ಹೊಳೆ ಬೆಟ್ಟ ಅಂತ ಹೆಸ್ರಿಟ್ಕೊಂಡೋರಿಗೆ ಭಕ್ತಿ ಇಲ್ದೆ ಇರತ್ತೇನಮ್ಮಾ

ದೀಪಾ: ಭಕ್ತಿ ಬೇರೆ, ಹೆಸ್ರು ಬಂದ ದಾರಿ ಬೇರೆ. ಪೂರ್ವದ ಸಾವೊ, ಕರೇಲಿಯಾ ಕಡೆ ಕಾಡು ಕಡಿದು ಸುಟ್ಟು ಬೇಸಾಯ ಮಾಡ್ತಾ ಜಾಗ ಬದಲಾಯಿಸ್ತಿದ್ರು, ಹಾಗಾಗಿ ಹೆಸ್ರು ವಂಶದ ಜೊತೆನೇ ಹೋಗ್ತಿತ್ತು, ಅಲ್ಲಿನ, ನೆನ್ ಅಂತ ಮುಗಿಯೋ ಹೆಸ್ರುಗಳು ನಿಜವಾಗ್ಲೂ ಹಳೇವು. ಪಶ್ಚಿಮದಲ್ಲಿ ಹೆಸ್ರು ಜಮೀನಿಂದು. ಮ್ಯಾಕೆಲ್ಯಾ ಅಂದ್ರೆ ಗುಡ್ಡದ ಮನೆ, ಅಲ್ಲಿರೋರೆಲ್ಲ ಮ್ಯಾಕೆಲ್ಯಾ, ಮನೆ ಬಿಟ್ರೆ ಹೆಸ್ರೂ ಬದ್ಲು, ಮನೆಅಳಿಯ ಆಗಿ ಹೋದೋನಿಗೂ ಆ ಮನೆ ಹೆಸ್ರೇ

ಗಿರೀಶ: ಉತ್ತರ ಕರ್ನಾಟಕದಲ್ಲೂ ಅಡ್ಡಹೆಸ್ರಲ್ಲಿ ಊರಿರತ್ತೆ, ಆದ್ರೆ ಊರು ಬಿಟ್ರೂ ಹೆಸ್ರು ಬಿಡಲ್ಲ

ಸುಮತಿ ಅತ್ತೆ: ಜಮೀನಿಲ್ದೋರಿಗೆ?

ದೀಪಾ: ತುಂಬಾ ಜನಕ್ಕೆ ಇಂಥವರ ಮಗ ಅನ್ನೋದು ಬಿಟ್ರೆ ಏನೂ ಇರ್ಲಿಲ್ಲ ಅತ್ತೆ. 19ನೇ ಶತಮಾನದ ಕೊನೆ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ವಿರ್ತನೆನ್, ನಿಯೆಮಿನೆನ್ (ನೀರಿಗೆ ಚಾಚಿದ ನೆಲ), ಲೈನೆ (ಅಲೆ) ಅಂತ ಆರಿಸ್ಕೊಂಡ್ರು, 1920ರ ಕಾನೂನು ಎಲ್ರಿಗೂ ಅಡ್ಡಹೆಸ್ರು ಕಡ್ಡಾಯ ಮಾಡ್ತು. ವಿರ್ತನೆನ್ ಅಂತಿರೋರ ತಾತಂದಿರೆಲ್ಲ ಹೊಳೆ ಪಕ್ಕ ಇದ್ರು ಅಂತೇನಿಲ್ಲ

ಗಿರೀಶ: ಹಂಗಾದ್ರೆ ಚೆನ್ನಾಗಿ ಕೇಳ್ಸತ್ತೆ ಅಂತ ಇಟ್ಕೊಂಡಿದ್ದು. ಒರಿಜಿನಲ್ ಅಲ್ಲ ಬಿಡು

ದೀಪಾ: ಈ ಮಾತು ನಾನು ಒಪ್ಪಲ್ಲ ಗಿರಿ. ಆಫೀಸು, ಓದು ಎಲ್ಲಾ ಸ್ವೀಡಿಷ್‌ನಲ್ಲಿ ನಡೀತಿದ್ದ ದೇಶ ಅದು, ಎಷ್ಟೋ ಫಿನ್ನಿಷ್ ಮನೆಗಳಿಗೂ ಸ್ವೀಡಿಷ್ ಹೆಸ್ರೇ ಅಂಟ್ಕೊಂಡಿತ್ತು. ಫಿನ್ನಿಷ್‌ಗೆ ಸಮಾನ ಸ್ಥಾನ ಬೇಕು ಅಂತ ಹೋರಾಡಿದ ಸ್ನೆಲ್ಮನ್ ಹುಟ್ಟಿ ನೂರು ವರ್ಷ ಆದ ದಿನ, 1906 ಮೇ 12ಕ್ಕೆ, ಸಾವಿರಾರು ಜನ ಒಟ್ಟಿಗೆ ಹೆಸ್ರು ಬದಲಾಯಿಸಿದ್ರು, 1906-07ರಲ್ಲಿ ಸುಮಾರು 1 ಲಕ್ಷ ಜನ ಅಂತ ಅಂದಾಜು. ಮುಂದೆ ಅಧ್ಯಕ್ಷರಾದ ಪಾಸಿಕಿವಿ ಅದಕ್ಕೂ ಮುಂಚೆ, 1885ರಲ್ಲೇ, ಹೆಲ್‌ಸ್ಟೆನ್ ಅನ್ನೋ, ಬಂಡೆಕಲ್ಲು ಅಂತ ಅರ್ಥ ಇರೋ ಸ್ವೀಡಿಷ್ ಹೆಸ್ರು ಬಿಟ್ಟು ಅದೇ ಬಂಡೆಕಲ್ಲನ್ನ ಫಿನ್ನಿಷ್‌ನಲ್ಲಿ ಇಟ್ಕೊಂಡಿದ್ರು. ತಮ್ಮ ಭಾಷೇಲಿ ಕರೆಸ್ಕೊಬೇಕು ಅಂತ ಯೋಚ್ನೆ ಮಾಡಿ ಆರಿಸ್ಕೊಂಡ ಹೆಸ್ರು ತಾನಾಗೇ ಬಂದಿದ್ದಕ್ಕಿಂತ ಹೆಂಗೋ ಕಮ್ಮಿ ಆಗತ್ತೆ?

ಗಿರೀಶ: ಭಾಷೆ ವಿಷಯ ಅಂದ್ರೆ ಸರಿ. ಆದ್ರೂ ಹಳೇದು ಹಳೇದೇ

ರವಿ ಚಿಕ್ಕಪ್ಪ: ಆರಿಸ್ಕೊಳ್ಳೋವಾಗ್ಲೂ ಹೊಳೆ ಬೆಟ್ಟನೇ ಆರಿಸಿದ್ರಲ್ಲ, ನಾನೂ ಅದನ್ನೇ ಹೇಳಿದ್ದು! ನೆನ್ ಅಂತ ಇದ್ರೆ ಎಲ್ಲಾ ಪ್ರಕೃತಿನೇ

ದೀಪಾ: ಇಲ್ಲ ಚಿಕ್ಕಪ್ಪ, ಹೈಕ್ಕಿನೆನ್ ಬಂದಿದ್ದು ಹೈಕ್ಕಿ ಅನ್ನೋ ಗಂಡಸಿನ ಹೆಸ್ರಿಂದ. ವಾಕಿಂಗ್ ಗ್ರೂಪಿಗೆ ಹಾಕೋ ಮುಂಚೆ ಆ ಸಾವಿರಾರು ವರ್ಷದ ಲೈನ್ ತೆಗೀರಿ ಪ್ಲೀಸ್