ವಾಲ್ಟರ್ ಟರ್ಬೈನ್ ಬಿಟ್ಟು ಬ್ಯಾಟರಿಗೇ ಯಾಕೆ ಹೋದರು?

ಪ್ರಶ್ನೆ: ವಾಲ್ಟರ್ ಟರ್ಬೈನ್ (ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಓಡುವ ಎಂಜಿನ್) ಇದ್ದ ಜರ್ಮನರ ವಿ-80 ಪ್ರಯೋಗ ಜಲಾಂತರ್ಗಾಮಿ 1940ರಲ್ಲೇ ನೀರಿನಡಿ ಸುಮಾರು 28 ನಾಟ್ (ಗಂಟೆಗೆ ಸುಮಾರು 52 ಕಿ.ಮೀ.) ಓಡಿತ್ತು. ಹಾಗಿದ್ದೂ ಎರಡನೇ ಮಹಾಯುದ್ಧದ ಕೊನೆಗೆ ರಾಶಿಗಟ್ಟಲೆ ಕಟ್ಟಿದ್ದು ನೀರಿನಡಿ ಬ್ಯಾಟರಿಯಿಂದ ಓಡುವ ಟೈಪ್ 21 ಜಲಾಂತರ್ಗಾಮಿ. ಕಾರಣವೇನು?

ಉತ್ತರ 1: ಇಂಧನವೇ ತೊಡಕು. ಶೇ. 80ರ ಆಸುಪಾಸಿನ ಹೈಡ್ರೋಜನ್ ಪೆರಾಕ್ಸೈಡ್ ವೇಗವರ್ಧಕಕ್ಕೆ ತಾಗಿದಾಗ ಹಬೆ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕದಲ್ಲಿ ಎಣ್ಣೆ ಉರಿಸಿ, ಮೇಲೆ ನೀರು ಚಿಮ್ಮಿಸಿ ಟರ್ಬೈನ್ ತಿರುಗಿಸುತ್ತಿದ್ದರು. ಈ ಟರ್ಬೈನ್ ಇದ್ದ ಟೈಪ್ 17ಬಿ ಜಲಾಂತರ್ಗಾಮಿಯಲ್ಲಿ ಸಿಗುತ್ತಿದ್ದದ್ದು 2,500 ಅಶ್ವಶಕ್ತಿ. ಆದರೆ ತುಕ್ಕಿನ ಒಂದು ಚೂರು ಬಿದ್ದರೂ ಪೆರಾಕ್ಸೈಡ್ ಇದ್ದಲ್ಲೇ ಕುದಿಯತೊಡಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ನೀರಿನ ಒತ್ತಡ ತಡೆಯುವ ಗಟ್ಟಿ ಕವಚದ ಹೊರಗಿಟ್ಟರು. ಚೀಲವನ್ನು ಹಿಂಡುವ ಕೆಲಸ ಸಮುದ್ರದ ನೀರಿನದೇ.

ಉತ್ತರ 2: ಜೊತೆಗೆ, ಆಳಕ್ಕಿಳಿದಷ್ಟೂ ಹೊರಗಿನ ಒತ್ತಡಕ್ಕೆದುರಾಗಿ ಟರ್ಬೈನಿನ ಹೊಗೆ ಅನಿಲವನ್ನು ಹೊರಗೆ ದೂಡಬೇಕು, ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಪೆರಾಕ್ಸೈಡ್‌ಗೆಂದು ಬಿಟ್ಟಿದ್ದ ಟೈಪ್ 18 ಜಲಾಂತರ್ಗಾಮಿ ವಿನ್ಯಾಸದ ದೊಡ್ಡ ಜಾಗಕ್ಕೆ ಬ್ಯಾಟರಿ ತುಂಬುವ ಯೋಚನೆಯಿಂದಲೇ ಟೈಪ್ 21 ಹುಟ್ಟಿತು: 372 ಸೆಲ್, ನೀರಿನಡಿ 17 ನಾಟ್. ನನ್ನ ಪ್ರಕಾರ ಅದೇ ಸರಿಯಾದ ನಿರ್ಧಾರ.

ಉತ್ತರ 1: ಒಪ್ಪುತ್ತೇನೆ, ಆದರೆ ಬ್ಯಾಟರಿ ಚಾರ್ಜ್ ಮಾಡುವ ಅದರ ಡೀಸೆಲ್ ಎಂಜಿನ್ ಕೈಕೊಟ್ಟಿತು. ಸ್ನಾರ್ಕೆಲ್ (ನೀರಿನಡಿಯಿಂದ ಮೇಲಿನ ಗಾಳಿ ಎಳೆದುಕೊಳ್ಳುವ ಕೊಳವೆ) ಬಳಸುವಾಗ ಹೊಗೆಯ ಹಿಂದೊತ್ತಡಕ್ಕೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ) ಹೊಂದಲಿಲ್ಲ. ಅದನ್ನು ಕಳಚಿದ ಮೇಲೆ 2,000 ಅಶ್ವಶಕ್ತಿ 1,200ಕ್ಕೆ ಇಳಿಯಿತು, ಬ್ಯಾಟರಿ ಚಾರ್ಜ್ ಆಗಲು ಹೆಚ್ಚು ಹೊತ್ತು ಬೇಕಾಯಿತು.