ಕ್ರಿಸ್‌ಮಸ್ ಕಥೆಗಳ ಕೊನೆ ಗೊತ್ತಿದ್ದೂ ಯಾಕೆ ಓದುತ್ತೇವೆ?

ಪುಸ್ತಕಹುಳ:
ಡಿಸೆಂಬರ್ ಬಂತೆಂದರೆ ನನಗೆ ಕ್ರಿಸ್‌ಮಸ್ ಕಾದಂಬರಿಗಳೇ ಬೇಕು. ಹಿಮ ಬೀಳುವ ಸಣ್ಣ ಊರು, ಇನ್ನೇನು ಮುಚ್ಚಿಹೋಗುವ ಬೇಕರಿ, ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ಮಗಳು, ಮಾತು ಬಿಟ್ಟ ಅಣ್ಣತಮ್ಮಂದಿರು. ಶುರುವಿನ ಪುಟಗಳಲ್ಲೇ ಕೊನೆ ಏನು ಅಂತ ಗೊತ್ತಾಗಿಬಿಡುತ್ತದೆ, ಆದರೂ ಕೆಳಗಿಡಲು ಮನಸ್ಸು ಬರುವುದಿಲ್ಲ. ಪತ್ತೇದಾರಿ ಕಥೆಯ ಕೊನೆಯನ್ನು ಯಾರಾದರೂ ಹೇಳಿಬಿಟ್ಟರೆ ನನಗೆ ಆ ಪುಸ್ತಕವೇ ಬೇಡ. ಇಲ್ಲಿ ಮಾತ್ರ ಯಾಕೆ ಹೀಗೆ? ಮತ್ತೆ ಕೆಲವು ಮನಸ್ಸಿಗೆ ತಟ್ಟುತ್ತವೆ, ಕೆಲವು ಬರೀ ಸಕ್ಕರೆ ಪಾಕ. ವ್ಯತ್ಯಾಸ ಎಲ್ಲಿದೆ?

ಹಳೇ ಓದುಗ:
ನಿಜವಾದ ಕಷ್ಟವೇ ಇಲ್ಲದ ಕಥೆ ಸಕ್ಕರೆ ಪಾಕವಾಗುತ್ತದೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರೋಲ್' ನೋಡಿ. 1843ರಲ್ಲಿ, ದುಡಿಯುವ ಮಕ್ಕಳ ಸ್ಥಿತಿಯ ಬಗ್ಗೆ ಬಂದ ಸರ್ಕಾರಿ ವರದಿ ಓದಿ ಆತ ತಳಮಳಗೊಂಡಿದ್ದ. ಮೊದಲು ಕರಪತ್ರ ಬರೆಯೋಣ ಅಂದುಕೊಂಡ, ಆಮೇಲೆ ಕಥೆಯನ್ನೇ ಬರೆದ. ಡಿಸೆಂಬರ್ 19ಕ್ಕೆ ಪುಸ್ತಕ ಬಂತು, ಹಬ್ಬದ ಹಿಂದಿನ ದಿನದ ಹೊತ್ತಿಗೆ 6,000 ಪ್ರತಿಗಳೂ ಖರ್ಚಾದವು. ಅದರಲ್ಲಿ ಬಡ ಗುಮಾಸ್ತ ಕ್ರಾಚಿಟ್ ಮನೆಯವರ ಹಬ್ಬದ ಊಟ ನೆನಪಿದೆಯಾ? ತಿನ್ನುವವರು ಜಾಸ್ತಿ, ಪುಡ್ಡಿಂಗ್ ಚಿಕ್ಕದು, ಆದರೆ ಚಿಕ್ಕದಾಯಿತು ಅಂತ ಒಬ್ಬರೂ ಬಾಯಿಬಿಡುವುದಿಲ್ಲ. ಪಕ್ಕದಲ್ಲೇ ಕಾಯಿಲೆ ಹುಡುಗ ಟಿಮ್ ಕೂತಿದ್ದಾನೆ, ಅವನು ಉಳಿಯುತ್ತಾನೋ ಇಲ್ಲವೋ ಅನ್ನುವ ಭಯ ನಮಗಿದೆ. ಆ ಭಯ ಇರುವುದಕ್ಕೇ ಕೊನೆಯ ಸಂತೋಷವನ್ನು ನಂಬುತ್ತೇವೆ. ನಿಮ್ಮ ಬೇಕರಿ ಕಥೆಯಲ್ಲೂ ಅಷ್ಟೇ, ಅಂಗಡಿ ಮುಚ್ಚಿದರೆ ಯಾರ ಹೊಟ್ಟೆಗೆ ಹೊಡೆತ ಅಂತ ಕಾಣಬೇಕು.

ಚಳಿಗಾಲ:
ನನಗೆ ಹಿಡಿಸುವುದು ತಾರೀಕು. 25 ಅನ್ನುವ ಗಡುವು ಮೊದಲ ಪುಟದಿಂದಲೇ ಇರುತ್ತದೆ, ಅಷ್ಟರೊಳಗೆ ಎಲ್ಲರೂ ಒಂದೇ ಮನೆಗೆ ಬರಲೇಬೇಕು, ಎದುರಾಬದುರಾ ಕೂರಲೇಬೇಕು. ಬೇರೆ ದಿನವಾದರೆ ತಪ್ಪಿಸಿಕೊಂಡು ಹೋಗುತ್ತಿದ್ದರು. ಅಮೆರಿಕದ ಟಿವಿ ಚಾನೆಲ್ ಹಾಲ್‌ಮಾರ್ಕ್ 2009ರಿಂದ ಪ್ರತಿ ವರ್ಷ ಹಾಕುವ ಸಾಲು ಸಾಲು ಕ್ರಿಸ್‌ಮಸ್ ಸಿನಿಮಾಗಳು ನಡೆಯುವುದೂ ಹೆಚ್ಚುಕಡಿಮೆ ಇದರ ಮೇಲೇ. ಇನ್ನು ಹಿಮ. ಡಿಕನ್ಸ್ ಚಿಕ್ಕವನಾಗಿದ್ದಾಗ, 1810ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ ವಿಪರೀತ ಚಳಿ ಇತ್ತು. ಆ ಚಳಿಯೇ ಅವನ ಪುಸ್ತಕಗಳಿಗೆ ಇಳಿಯಿತು ಅಂತ ಹೇಳುವವರಿದ್ದಾರೆ. ಈಗ ಡಿಸೆಂಬರ್‌ನಲ್ಲಿ ಬಿರುಬೇಸಿಗೆ ಇರುವ ಆಸ್ಟ್ರೇಲಿಯಾದ ಓದುಗರೂ ಹಿಮದ ಕಥೆ ಓದಿ ಬೆಚ್ಚಗಾಗುತ್ತಾರೆ. ಹೊರಗೆ ಚಳಿ, ಒಳಗೆ ಬೆಂಕಿ ಅನ್ನುವುದು ಕಥೆಯೊಳಗಿದ್ದರೆ ಸಾಕು, ಅಲ್ವಾ?

ಮೌನಿ:
ಕೊನೆ ಗೊತ್ತಿರಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಕಥೆಗಾರ ಓ. ಹೆನ್ರಿಯ 1905ರ ಸಣ್ಣ ಕಥೆ 'ದ ಗಿಫ್ಟ್ ಆಫ್ ದ ಮ್ಯಾಜೈ' ಓದಿ. ಡೆಲ್ಲಾ ಕೈಯಲ್ಲಿ ಇರುವುದು 1 ಡಾಲರ್ 87 ಸೆಂಟ್. ಗಂಡನ ಗಡಿಯಾರಕ್ಕೆ ಚೈನ್ ತರಲು ಕೂದಲು ಮಾರುತ್ತಾಳೆ, ಅವನು ಅವಳ ಕೂದಲಿಗೆ ಬಾಚಣಿಗೆ ತರಲು ಗಡಿಯಾರವನ್ನೇ ಮಾರಿರುತ್ತಾನೆ. ಎರಡು ಉಡುಗೊರೆಯೂ ಸದ್ಯಕ್ಕೆ ಉಪಯೋಗಕ್ಕಿಲ್ಲ. ಬಡತನವೂ ಹಾಗೇ ಇದೆ, ಯಾವ ಪವಾಡವೂ ಆಗುವುದಿಲ್ಲ. ಆದರೂ ಓದಿ ಮುಗಿಸಿದಾಗ ಎದೆ ತುಂಬುತ್ತದೆ. ಅಮ್ಮ ತೀರಿಕೊಂಡ ವರ್ಷ ಎಲ್ಲವೂ ಸರಿಹೋಗುವ ಹಬ್ಬದ ಕಥೆಗಳನ್ನು ಮುಟ್ಟಲೂ ಆಗಲಿಲ್ಲ, ಇದನ್ನು ಮಾತ್ರ ಓದಿದೆ.

ಪುಸ್ತಕಹುಳ:
ಮೌನಿ ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ಎಲ್ಲ ಸರಿಹೋಗದೆಯೂ ಹೀಗೆ ಎದೆ ತುಂಬುವ ಕಥೆಗಳು ಇನ್ನೂ ಗೊತ್ತಿದ್ದರೆ ದಯವಿಟ್ಟು ಹೆಸರು ಕೊಡಿ. ಈ ಸಲ ಅವುಗಳಿಂದಲೇ ಶುರು ಮಾಡುತ್ತೇನೆ.